ಬೈದದ್ದು ಅವನಿಗೆ, ಬಿದ್ದದ್ದು ಯಾರಿಗೆ?

ಮಾತಿನ ಚಾವಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಓಡಾಡುವ ಒರಟು ಹೋಲಿಕೆ, ಬೈಗುಳ, ಗಾದೆಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲದ ಉತ್ತರ. ಪತ್ರಗಳಲ್ಲಿದ್ದ ಎಲ್ಲ ಮಾತನ್ನೂ ಅಚ್ಚಿಗೆ ಹಾಕಲು ಬರುವಂತಿರಲಿಲ್ಲ. ಉತ್ತರಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ನಮ್ಮದು ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪು. ರಾಶಿ ಅಡಿಕೆಯ ದರ ಬಿದ್ದ ದಿನ ಒಬ್ಬರು ವ್ಯಾಪಾರಿಗಳನ್ನು 'ಬೇವರ್ಸಿ ಮುಂಡೇಮಕ್ಳು' ಎಂದು ಬರೆದರು. ಬೇಡ ಅಂದಿದ್ದಕ್ಕೆ 'ಇದು ಹಳ್ಳಿ ಕಡೆ ಸಹಜ ಮಾತು, ನಿಮ್ಮ ಪುಸ್ತಕದ ಕನ್ನಡ ಇಲ್ಲಿ ಬೇಡ' ಅಂದರು. ತಪ್ಪು ಯಾರದ್ದು? (ತೀರ್ಥಹಳ್ಳಿ)

ಅವರ ಸಿಟ್ಟು ನ್ಯಾಯವಾದದ್ದೇ. ಮಾತು ಮಾತ್ರ ಗುರಿ ತಪ್ಪಿದೆ. ಹೇಗೆ ಎಂದು ನೋಡಲು ಹೈಸ್ಕೂಲಿನ ವ್ಯಾಕರಣ ಸಾಕು.

'ಭೀಮಸೇನನು ಮದಗಜದಂತೆ ಹೋರಾಡಿದನು' ಎಂಬ ವಾಕ್ಯವನ್ನು ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಭೀಮಸೇನ ಉಪಮೇಯ, ಮದಗಜ ಉಪಮಾನ, 'ಅಂತೆ' ವಾಚಕ, ಹೋರಾಡುವುದು ಸಮಾನಧರ್ಮ, ಅಂದರೆ ಎರಡರಲ್ಲೂ ಇರುವ ಗುಣ. ಈ ನಾಲ್ಕನೆಯದು ಇದ್ದರೆ ಹೋಲಿಕೆ ನಿಲ್ಲುತ್ತದೆ, ಇಲ್ಲದಿದ್ದರೆ ಬಿದ್ದುಹೋಗುತ್ತದೆ. ಈಗ ನಿಮ್ಮ ಗುಂಪಿನ ಮೆಸೇಜನ್ನು ಇದೇ ರೀತಿ ಬಿಡಿಸಿ. ಉಪಮೇಯ ವ್ಯಾಪಾರಿ. ಉಪಮಾನ? ಬೇವರ್ಸಿ ಎಂದರೆ ವಾರಸುದಾರರಿಲ್ಲದವನು. ಸತ್ತವರ ಜಮೀನನ್ನು ತಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಲು ಹೋದವರಿಗೆ 'ವಾರಸು' ಎಂಬ ಮಾತು ಗೊತ್ತೇ ಇರುತ್ತದೆ. ಮುಂಡೆ ಎಂದರೆ ಗಂಡ ಸತ್ತ ಮೇಲೆ ತಲೆ ಬೋಳಿಸಿದ ಹೆಂಗಸು. ಬೋಳಿ ಎಂಬುದೂ ಅದೇ ತಲೆ, ಅದೇ ಹೆಂಗಸು. ಕ್ವಿಂಟಾಲಿಗೆ ಸಾವಿರ ರೂಪಾಯಿ ಇಳಿಸಿದ ವ್ಯಾಪಾರಿಗೂ ಗಂಡ ಸತ್ತವಳಿಗೂ ಸಮಾನಧರ್ಮ ಎಂತದು? ಹುಡುಕಿದರೂ ಸಿಗುವುದಿಲ್ಲ. ಆ ವ್ಯಾಪಾರಿ ನಿಮ್ಮ ಗುಂಪಿನಲ್ಲೂ ಇಲ್ಲ. ಯಜಮಾನರು ಹೋದ ಮೇಲೆ ಒಬ್ಬರೇ ತೋಟ ನೋಡಿಕೊಂಡು, ಅಡಿಕೆ ಕೊನೆ ಇಳಿಸುವ ಕೊನೆಗಾರನಿಗೆ ಫೋನು ಮಾಡಿಕೊಂಡು, ದರ ನೋಡಲೆಂದೇ ಗುಂಪಿಗೆ ಸೇರಿದ ಹೆಂಗಸರು ಮಾತ್ರ ಇದ್ದಾರೆ. ಏಟು ಬಿದ್ದದ್ದು ಅವರಿಗೆ.

ನಮ್ಮ ಬೈಗುಳಗಳಲ್ಲಿ ಮುಕ್ಕಾಲು ಪಾಲು ಹೀಗೇ. ಪರದೇಶಿ, ಕುಂಟ, ಕುರುಡ, ಗೊಡ್ಡಿ, ಮೇಲಿಂದ ಜಾತಿಯ ಹೆಸರುಗಳು. ಬೈಸಿಕೊಂಡವನು ಒಬ್ಬ, ಉಪಮಾನವಾಗಿ ಬಳಕೆಯಾದವನು ಇನ್ನೊಬ್ಬ. ಕಳಿಸುವ ಮೊದಲು ಒಂದೇ ಪರೀಕ್ಷೆ ಮಾಡಿ: ಉಪಮಾನದ ಜಾಗದಲ್ಲಿ ಯಾರು ನಿಂತಿದ್ದಾರೆ, ಅವರು ಮಾಡಿದ ತಪ್ಪೇನು?

ನಿಮಗೂ ಒಂದು ಮಾತು ಹೇಳಬೇಕು. 'ಹಳ್ಳಿ ಮಾತು' ಎಂಬ ಕಾರಣಕ್ಕೆ ಆಕ್ಷೇಪಿಸಿದ್ದರೆ ಅದು ಸರಿಯಲ್ಲ. ಹಳೆಯ ಅಲಂಕಾರಶಾಸ್ತ್ರದವರು ಗ್ರಾಮ್ಯವನ್ನೂ ಅಶ್ಲೀಲವನ್ನೂ ಬೇರೆ ಬೇರೆ ದೋಷಗಳಾಗಿ ಎಣಿಸಿದ್ದಾರೆ, ಎರಡನ್ನೂ ಕಲಸಿಲ್ಲ. ಅಶ್ಲೀಲದಲ್ಲಿ ವಾಮನ, ಮಮ್ಮಟರು ಮೂರು ಬಗೆ ಹೇಳುತ್ತಾರೆ: ನಾಚಿಕೆ ತರುವ ವ್ರೀಡೆ, ಹೇಸಿಗೆ ತರುವ ಜುಗುಪ್ಸೆ, ಸಾವು ಕೇಡುಗಳನ್ನು ನೆನಪಿಸುವ ಅಮಂಗಲ. ನಮ್ಮ ಜನ ಮೊದಲನೆಯದನ್ನು ಮಾತ್ರ ಕೆಟ್ಟ ಮಾತು ಅಂದುಕೊಂಡಿದ್ದಾರೆ. ಬದುಕಿರುವ ಕ್ರಿಕೆಟ್ ಆಟಗಾರನ ಫೋಟೋಕ್ಕೆ ಹಾರ ಹಾಕಿ 'ಓಂ ಶಾಂತಿ' ಬರೆಯುವುದು, ಚುನಾವಣೆ ಸೋತವರಿಗೆ 'ತಿಥಿ ಊಟ ಯಾವತ್ತು' ಎಂದು ಕೇಳುವುದು ಮೂರನೆಯ ಬಗೆಗೆ ಸೇರುತ್ತವೆ. ಹೋದ ವಾರವಷ್ಟೇ ವೈಕುಂಠ ಸಮಾರಾಧನೆ ಮುಗಿಸಿದ ಮನೆಯವರೂ ಅದೇ ಗುಂಪಿನಲ್ಲಿ ಅದನ್ನು ಓದುತ್ತಾರೆ.

ಎಲ್ಲವನ್ನೂ ಬಿಟ್ಟರೆ ಸಿಟ್ಟು ಬಂದಾಗ ಏನು ಬರೆಯಬೇಕು? ಸಪ್ಪೆ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. (ಕೊಪ್ಪ)

ಸಪ್ಪೆ ಮಾಡಿ ಎಂದು ನಾವು ಹೇಳುವುದೇ ಇಲ್ಲ. ಖಾರ ಇರಲಿ, ಸಮಾನಧರ್ಮವೂ ಇರಲಿ. ಮಲೆನಾಡಿನವರಿಗೆ ಉಪಮಾನಕ್ಕೆ ಬರವೇ? ತೋಟ, ಅಡುಗೆಮನೆ, ಮಳೆಗಾಲ ಮೂರರಲ್ಲೇ ಬೇಕಾದಷ್ಟಿದೆ.

ಕೆಲಸವೂ ಮಾಡಿಕೊಡದೆ ಕಮಿಷನ್ ಎತ್ತಿದವನಿಗೆ 'ಇಂಬಳ' ಅನ್ನಿ, ನಮ್ಮ ಕಾಡಿನ ಜಿಗಣೆ. ಇಂಬಳ ಕಚ್ಚುವಾಗ ನೋವಾಗುವುದಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ರಕ್ತ ಕಂಡಾಗಲೇ ಗೊತ್ತಾಗುವುದು. ಅದು ಬಿದ್ದುಹೋದ ಮೇಲೂ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ. ಒಂದೇ ಪದದಲ್ಲಿ ಮೂರು ಸಮಾನಧರ್ಮ, ಯಾರ ತಾಯಿಯೂ ಬೇಕಾಗಿಲ್ಲ. ಮುಂದಿನವರು 'ಸುಣ್ಣ ಹಚ್ಚಿ' ಎಂದು ಬರೆದರೆ ಮಾತು ಬೆಳೆಯುತ್ತದೆ ಕೂಡ.

ದೊಡ್ಡದಾಗಿ ಹೇಳಿ ಕಳಪೆ ಕೊಟ್ಟವನಿಗೆ 'ಸರಕಿನ ದರಕ್ಕೆ ಗೊರಬಲು ಅಳೆದ'. ಸರಕು ಮೇಲ್ದರ್ಜೆಯ ಅಡಿಕೆ, ಗೊರಬಲು ಕೆಳದರ್ಜೆಯದು. ಶಿವಮೊಗ್ಗ ಮಂಡಿಯ ದರಪಟ್ಟಿ ನೋಡುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಓದಿದ ಮೇಲೆ ಇಡೀ ದಿನ ಕೆರೆಯುವ ಕಾಮೆಂಟು ಬರೆಯುವವರಿದ್ದಾರೆ. ಅವರದು 'ಹುಳಿ ಹಾಕದ ಪತ್ರೊಡೆ'. ಪತ್ರೊಡೆ ಮಾಡುವ ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಹುಣಸೆಯೋ ವಾಟೆಹುಳಿಯೋ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸದೆ ಬಿಡುವುದಿಲ್ಲ.

ನಮಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು. ಸಹಾಯಕ್ಕೆಂದು ಬಂದು ನಮ್ಮನ್ನೇ ಸುಟ್ಟು ಹೋಗುವವನಿಗೆ 'ಸುಣ್ಣ ಸಾಲದ ಬೋರ್ಡೋ'. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಸುಣ್ಣ ಕಡಿಮೆಯಾದರೆ ದ್ರಾವಣ ಹುಳಿಯಾಗಿಯೇ ಉಳಿದು, ಅಡಿಕೆಯ ಕೊಳೆರೋಗ ತಡೆಯಲು ಹೊಡೆದ ಔಷಧಿಯೇ ಎಲೆ ಸುಡುತ್ತದೆ. ಗುರುತಿಸುವುದು ಹೇಗೆ? ಹರಿತ ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿರುತ್ತದೆ. 'ಇವರ ಮಾತಿಗೆ ಕತ್ತಿ ಅದ್ದಿ ನೋಡಿದಿರಾ?' ಎಂದು ಒಂದು ಸಾಲು ಬರೆದು ಸುಮ್ಮನಾಗಿ. ತೋಟದವರೆಲ್ಲ ನಗುತ್ತಾರೆ. ಬೈಸಿಕೊಂಡವನು ಪೊಲೀಸರ ಹತ್ತಿರ ಹೋಗಿ ಏನಂತ ದೂರು ಕೊಟ್ಟಾನು?

ಇನ್ನೂ ಚೂಪು ಬೇಕೆಂದರೆ ವ್ಯಾಜಸ್ತುತಿ ಇದೆ, ಹೊಗಳಿದಂತೆ ಮಾಡಿ ಬೈಯುವುದು. 'ನಮ್ಮವರ ದೂರದೃಷ್ಟಿ ದೊಡ್ಡದು. ಮಳೆಗಾಲಕ್ಕೆ ಮುಂಚೆಯೇ ರಸ್ತೆ ತುಂಬ ಇಂಗುಗುಂಡಿ ತೋಡಿ ಇಟ್ಟಿದ್ದಾರೆ.' ಇದರಲ್ಲಿ ಒಂದು ಅಪಾಯವಿದೆ: ಅಕ್ಷರದಲ್ಲಿ ದನಿ ಕೇಳಿಸದ ಕಾರಣ ನಿಜವಾದ ಹೊಗಳಿಕೆ ಅಂದುಕೊಂಡು 'ಧನ್ಯವಾದಗಳು' ಬರೆಯುವವರೂ ಸಿಗುತ್ತಾರೆ. ಗುಂಡಿಯ ಫೋಟೋ ಜೊತೆಗೇ ಹಾಕಿ.

ಎದುರಾ ಎದುರು 'ಎಂತ ಬೋಳೀಮಗನ ಮಾರಾಯ ನೀನು' ಅಂದರೆ ಸ್ನೇಹಿತ ನಗುತ್ತಾನೆ. ಅದನ್ನೇ ಗುಂಪಿನಲ್ಲಿ ಬರೆದೆ, ಮಾತು ಬಿಟ್ಟಿದ್ದಾನೆ. (ಹೊಸನಗರ)

ಬಾಯಲ್ಲಿ ಹೇಳುವಾಗ ನೀವು 'ಮಾರಾಯಾ' ಎಂದು ಕೊನೆಯ ಸ್ವರ ಎಳೆದಿರುತ್ತೀರಿ, ಹೆಗಲ ಮೇಲೆ ಕೈ ಹಾಕಿರುತ್ತೀರಿ. ಬೈಗುಳವನ್ನು ರದ್ದು ಮಾಡುವುದೇ ಆ ಎಳೆತ. ಟೈಪು ಮಾಡಿದಾಗ ಎಳೆತ ಹೋಗಿ ಬೈಗುಳ ಮಾತ್ರ ಉಳಿಯುತ್ತದೆ. ಹಳದಿ ಮುಖದ ಇಮೋಜಿ ಹಾಕಿದೆ ಅನ್ನುತ್ತೀರಿ. ಅಳುವಷ್ಟು ನಗುವ ಆ ಇಮೋಜಿಯನ್ನು ಕುಹಕಕ್ಕೂ ಬಳಸುತ್ತಾರೆ, ಹಾಗಾಗಿ ಅದು ಸಾಕ್ಷಿಯಾಗುವುದಿಲ್ಲ.

ಎರಡನೆಯದು ಕೇಳುಗರು. ಕಟ್ಟೆಯ ಮೇಲೆ ನೀವಿಬ್ಬರೇ ಇದ್ದಿರಿ. ಗುಂಪಿನಲ್ಲಿ ಅವನ ಹೆಂಡತಿಯ ಅಣ್ಣ ಇದ್ದಾನೆ, ಅವನ ಕೈಕೆಳಗಿನ ಹುಡುಗ ಇದ್ದಾನೆ. ಸ್ನೇಹಿತನಿಗೆ ನೋವಾದದ್ದು ಪದಕ್ಕಿಂತ ಅವರು ಓದಿದ್ದಕ್ಕೆ ಇರಬಹುದು. ಮೂರನೆಯದು ಹೊತ್ತು. ರಾತ್ರಿ 11ಕ್ಕೆ ತಮಾಷೆಯಾಗಿ ಹೊರಟದ್ದನ್ನು ಬೆಳಗ್ಗೆ 6ಕ್ಕೆ, ಹಿಂದಿನ ಮಾತುಕತೆ ಓದದೆ, ಅದೊಂದನ್ನೇ ಓದಿದರೆ ತಮಾಷೆ ಕಾಣುವುದಿಲ್ಲ.

ವಾಟ್ಸಾಪಿನಲ್ಲಿ ಕಳಿಸಿದ್ದನ್ನು ತಿದ್ದಲು 15 ನಿಮಿಷ ಸಿಗುತ್ತದೆ, ಎಲ್ಲರಿಗೂ ಕಾಣದಂತೆ ಅಳಿಸಲು ಎರಡು ದಿನ ಚಿಲ್ಲರೆ. ಆದರೆ ಅಳಿಸಿದ ಗುರುತು ಅಲ್ಲೇ ಇರುತ್ತದೆ. ಯಾರಾದರೂ ಅದನ್ನು ಎತ್ತಿ ಉತ್ತರಿಸಿದ್ದರೆ ನಿಮ್ಮ ಮಾತು ಅವರ ಮೆಸೇಜಿನ ತಲೆಯ ಮೇಲೆ ಕೂತೇ ಇರುತ್ತದೆ. ಆದ್ದರಿಂದ ಅಳಿಸಿ ಸುಮ್ಮನಿರುವುದು ಸಾಲದು.

ಮೊದಲು ಫೋನು ಮಾಡಿ. ಆಮೇಲೆ ಮಾತು ಎಲ್ಲಿ ಆಡಿದಿರೋ ಅದೇ ಗುಂಪಿನಲ್ಲಿ ಬರೆಯಿರಿ. 'ಯಾರಿಗಾದರೂ ನೋವಾಗಿದ್ದರೆ' ಎಂದು ಶುರು ಮಾಡಬೇಡಿ, ಆ 'ಆಗಿದ್ದರೆ' ಇನ್ನೊಂದು ಬೈಗುಳದ ಹಾಗೆ ಕೇಳಿಸುತ್ತದೆ. ನಿಜವಾದ ಜಗಳದಲ್ಲಿ ನಂಟರಿಗೇ ಬೈದಿದ್ದರೂ ಹೀಗೆ ಬರೆಯಬಹುದು: 'ನಿನ್ನೆ ರಾತ್ರಿ ನಿಮ್ಮ ತಾಯಿಯನ್ನು ಎಳೆದು ಬರೆದೆ, ಭಾವ. ತಪ್ಪಾಯ್ತು. ಮೆಸೇಜು ತೆಗೆದಿದ್ದೇನೆ. ಲೆಕ್ಕದ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ, ನಾಳೆ ಕೂತು ಮಾತಾಡುವ.' ಇಷ್ಟೇ ಸಾಕು. ಕೊನೆಯ ವಾಕ್ಯ ಬಿಡಬೇಡಿ. ತಪ್ಪು ಒಪ್ಪಿಕೊಂಡ ಕೂಡಲೇ ತಕರಾರನ್ನೂ ನುಂಗಬೇಕು ಎಂದು ಹೆದರಿಯೇ ಹಲವರು ತಪ್ಪು ಒಪ್ಪಿಕೊಳ್ಳುವುದಿಲ್ಲ.

ಪರೀಕ್ಷೆ ಕಷ್ಟ ಇದ್ದ ದಿನ ಕ್ಲಾಸಿನ ಗುಂಪಿನಲ್ಲಿ ಹುಡುಗರು 'ಫಿಸಿಕ್ಸ್ ಪೇಪರ್ ನಮ್ಮನ್ನ ರೇಪ್ ಮಾಡ್ತು' ಎಂದು ಬರೆಯುತ್ತಾರೆ. ಹೇಳಿದರೆ 'ಸೀರಿಯಸ್ ಆಗ್ಬೇಡ' ಅನ್ನುತ್ತಾರೆ. (ಸಾಗರ, ಪಿಯು ವಿದ್ಯಾರ್ಥಿನಿ)

ಇದು ಇಂಗ್ಲಿಷಿನ ಆನ್‌ಲೈನ್ ಆಟಗಳ ಚಾಟಿನಿಂದ ಇಳಿದು ಬಂದ ಮಾತು. ಆಟದಲ್ಲಿ ಸೋತವರಿಗೆ ಗೆದ್ದವರು ಹೇಳುತ್ತಿದ್ದದ್ದು. ಕನ್ನಡದಲ್ಲಿ ಇದಕ್ಕೆ ಬೇರೂ ಇಲ್ಲ, ಬೇಕೂ ಇಲ್ಲ.

ಇದರ ದೋಷ ಅತಿಶಯೋಕ್ತಿಯದು. ಅತಿಶಯೋಕ್ತಿ ದೊಡ್ಡದನ್ನು ಇನ್ನಷ್ಟು ದೊಡ್ಡದು ಮಾಡಬೇಕು. ಇಲ್ಲಿ ಆಗುವುದು ತಿರುಗುಮುರುಗು: ಪಾಸಿನ ಅಂಕದ ಸಂಕಟ ದೊಡ್ಡದಾಗುವುದಿಲ್ಲ, ಅಪರಾಧವೊಂದು ಚಿಕ್ಕದಾಗುತ್ತದೆ. ಕ್ಲಾಸಿನಲ್ಲಿ ಅಂಥದ್ದನ್ನು ಅನುಭವಿಸಿದವಳು ಯಾರಾದರೂ ಇದ್ದರೆ, ಇದ್ದಾಳೋ ಇಲ್ಲವೋ ನಿಮಗೆ ಗೊತ್ತಾಗುವ ದಾರಿಯಿಲ್ಲ, ಆ ಮಾತಿಗೆ ಬೀಳುವ ನಗುವಿನ ಇಮೋಜಿಗಳನ್ನು ಅವಳು ಎಣಿಸುತ್ತಾಳೆ.

ಉಪದೇಶ ಬೇಡ, ಕೆಲಸ ಮಾಡುವುದಿಲ್ಲ. ಬರೆದವನಿಗೆ ಒಬ್ಬನಿಗೇ ಬೇರೆಯಾಗಿ ಬರೆಯಿರಿ: 'ಆ ಪದ ತೆಗಿಯೋ, ಬಾಕಿ ಜೋಕು ಇರಲಿ.' ಎಲ್ಲರೆದುರು ಹೇಳಿದರೆ ಮಾನ ಉಳಿಸಿಕೊಳ್ಳಲು ಇನ್ನಷ್ಟು ಜೋರಾಗುತ್ತಾನೆ. ಗುಂಪಿನಲ್ಲಿ ನೀವು ಮಾಡಬಹುದಾದದ್ದು ಅದಕ್ಕಿಂತ ಚೆನ್ನಾದ ಹೋಲಿಕೆ ಹಾಕುವುದು. 'ಫಿಸಿಕ್ಸ್ ಪೇಪರ್ ಆಗುಂಬೆ ಘಾಟಿ, ಸುತ್ತಿ ಸುತ್ತಿ ವಾಂತಿ ಬಂತು.' ಅದು ಹಿಡಿಸಿದರೆ ಮುಂದಿನ ಪರೀಕ್ಷೆಗೆ ಅದೇ ಓಡುತ್ತದೆ. ಹುಡುಗರಿಗೆ ಬೇಕಾಗಿರುವುದು ಲೈಕು.

ಜಗಳ ಬಂದಾಗ ನಮ್ಮೂರಿನವರನ್ನು 'ಮಂಗನ ಕಾಯಿಲೆ ಗಿರಾಕಿಗಳು, ದೂರ ಇರಿ' ಎನ್ನುತ್ತಾರೆ. (ಸೊರಬ)

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಿಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಕಾರಣಕ್ಕೆ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಕಾಯಿಲೆಗೆ ಕ್ಯಾಸನೂರಿನ ಹೆಸರೇ ಇದೆ. ಹರಡುವುದು ಉಣುಗು ಕಚ್ಚುವುದರಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಗಾಗಿ 'ದೂರ ಇರಿ' ಎಂಬುದಕ್ಕೆ ಸಮಾನಧರ್ಮವೇ ಇಲ್ಲ, ಹೋಲಿಕೆ ಸುಳ್ಳು. ಇನ್ನೊಮ್ಮೆ ಬರೆದರೆ ಇದಿಷ್ಟನ್ನೇ ಉತ್ತರವಾಗಿ ಹಾಕಿ. ಕಾಡಿಗೆ ಹೋಗುವವರಿಗೂ ಉಪಯೋಗವಾದೀತು.

'ಬಳೆ ತೊಟ್ಕೊಂಡು ಮನೇಲಿ ಕೂತ್ಕೊ', ಇದು ತಪ್ಪೇ? ಬೈಗುಳವೂ ಅಲ್ಲವಲ್ಲ. (ಶೃಂಗೇರಿ)

ಮೇಲಿನ ಪರೀಕ್ಷೆ ಮಾಡಿ. ಬಳೆ ತೊಟ್ಟ ಕೈಯೇ ಸಸಿ ನೆಡುವುದು, ಅಡಿಕೆ ಸುಲಿಯುವುದು. ಕೂತವರು ಯಾರು ಎಂದು ಸುಗ್ಗಿಯಲ್ಲಿ ಒಮ್ಮೆ ಅಂಗಳಕ್ಕೆ ಬಂದು ನೋಡಲಿ.

'ಹುಚ್ಚುಮುಂಡೆ ಮದುವೇಲಿ ಉಂಡವನೇ ಜಾಣ' ಗಾದೆ. ಗಾದೆಯನ್ನೂ ಬಿಡಬೇಕೆ? (ಹೆಸರು ಬೇಡ, ನಗರ)

ಗಾದೆಗಳ ಪುಸ್ತಕದಲ್ಲಿ ಇರಲಿ, ಅದು ದಾಖಲೆ. ಮೆಸೇಜಿನಲ್ಲಿ 'ಗಾಳಿ ಬಂದಾಗ ತೂರಿಕೊಂಡ' ಎಂದರೆ ಅರ್ಥಕ್ಕೆ ಏನೂ ಊನವಾಗುವುದಿಲ್ಲ. ಜಾತಿ ಹೆಸರಿರುವ ಗಾದೆಗಳ ವಿಷಯ ಬೇರೆ, ಅದನ್ನು ಕೆಳಗಿನ ಭದ್ರಾವತಿಯ ಉತ್ತರದಲ್ಲಿ ನೋಡಿ.

ನಾನು ಊರಿನ ಗುಂಪಿನ ಅಡ್ಮಿನ್. ಯಾರೋ ಕೊಳಕಾಗಿ ಬರೆದರೆ ಕೇಸು ನನ್ನ ಮೇಲೆ ಬೀಳುತ್ತದೆಯೇ? ತಡೆಯುವುದು ಹೇಗೆ? (ಶಿಕಾರಿಪುರ)

ಸದಸ್ಯ ಬರೆದದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೂ ಸೇರಿಕೊಂಡು ಕುಮ್ಮಕ್ಕು ಕೊಟ್ಟಿದ್ದರೆ ಆ ರಕ್ಷಣೆ ಸಿಗದು. ಬೈದವನ ಮೆಸೇಜಿಗೆ ಹೆಬ್ಬೆರಳು ಒತ್ತುವ ಅಡ್ಮಿನ್‌ಗಳು ಇದನ್ನು ನೆನಪಿಡಲಿ.

ಗುಂಪಿನ ವಿವರಣೆಯಲ್ಲಿ 'ಸಭ್ಯವಾಗಿ ವರ್ತಿಸಿ' ಎಂದು ಬರೆದು ಪ್ರಯೋಜನವಿಲ್ಲ, ಎಲ್ಲರೂ ತಾವು ಸಭ್ಯರೆಂದೇ ತಿಳಿದಿರುತ್ತಾರೆ. ಹೆಸರಿಟ್ಟು ಬರೆಯಿರಿ: 'ತಾಯಿ, ಹೆಂಡತಿ, ಜಾತಿ, ಅಂಗವೈಕಲ್ಯ, ಸಾವು, ಈ ಐದನ್ನು ಬೈಗುಳಕ್ಕೆ ಬಳಸಿದರೆ ಮೆಸೇಜು ತೆಗೆಯುತ್ತೇವೆ. ಎರಡನೇ ಸಲಕ್ಕೆ ಒಂದು ವಾರ ಹೊರಗೆ.' ಜಗಳ ಹತ್ತಿಕೊಂಡ ರಾತ್ರಿ ಸೆಟ್ಟಿಂಗಿಗೆ ಹೋಗಿ, ಅಡ್ಮಿನ್‌ಗಳು ಮಾತ್ರ ಮೆಸೇಜು ಕಳಿಸುವಂತೆ ಮಾಡಿ ಮಲಗಿ. ಬೆಳಗ್ಗೆ ತೆಗೆಯಿರಿ. ಎಷ್ಟೋ ಜಗಳ ರಾತ್ರಿ ದಾಟಿದರೆ ಅಲ್ಲಿಗೆ ಮುಗಿಯುತ್ತದೆ. ಮೆಸೇಜು ಅಳಿಸುವ ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ. ನಾಳೆ 'ನಾನು ಹಾಗೆ ಬರೆದೇ ಇಲ್ಲ' ಅನ್ನುವವನು ಅವನೇ.

ಅಡುಗೆಯ ಯೂಟ್ಯೂಬ್ ಚಾನೆಲ್ ಇದೆ. ಕೆಟ್ಟ ಪದಗಳನ್ನು ತಡೆಯುವ ಪಟ್ಟಿಗೆ ಬೈಗುಳ ಸೇರಿಸಿದರೂ ಕಾಮೆಂಟು ನುಸುಳುತ್ತದೆ. (ರಿಪ್ಪನ್‌ಪೇಟೆ)

ಕನ್ನಡದ ಪದಕ್ಕೆ ಬಾಲ ಜಾಸ್ತಿ. 'ಬೇವರ್ಸಿ' ಒಂದನ್ನೇ ಸೇರಿಸಿದರೆ 'ಬೇವರ್ಸಿಗಳು', 'ಬೇವರ್ಸಿಗೆ', 'ಬೇವರ್ಸಿನನ್ಮಗ' ಆಚೆ ಹೋಗಬಹುದು. ಪ್ರತಿ ಪದಕ್ಕೂ ಮೂಲರೂಪ, 'ಗಳು', 'ನೆ', 'ಗೆ', 'ನ' ಹೀಗೆ ಐದಾರು ರೂಪ ಸೇರಿಸಿ. ಮೇಲಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಬೇರೆ. ದೀರ್ಘಕ್ಕೆ ಒಬ್ಬರು ಒಂದು ಅಕ್ಷರ ಹಾಕುತ್ತಾರೆ, ಇನ್ನೊಬ್ಬರು ಎರಡು. ನಡುವೆ ಚುಕ್ಕಿ, ನಕ್ಷತ್ರ ಇಡುವ ಜಾಣರೂ ಇದ್ದಾರೆ. ಒಂದು ಬೈಗುಳಕ್ಕೆ ಹತ್ತು ಹನ್ನೆರಡು ನಮೂದು ಆಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ.

ಅವಸರದಲ್ಲಿ ಚಿಕ್ಕ ತುಂಡುಗಳನ್ನು ಸೇರಿಸಬೇಡಿ. 'ಬೋಳಿ' ಹಾಕಿದರೆ 'ಬೋಳಿಸಿ' ಎಂದು ಬರೆದವರೂ ಸಿಕ್ಕಿಬೀಳಬಹುದು. 'ಮುಂಡೆ' ಬೇಕು, 'ಮುಂಡ' ಬೇಡ, ಯಕ್ಷಗಾನ ನೋಡುವವರಿಗೆ ಮುಂಡಾಸು ಬೇಕಾಗುತ್ತದೆ. ತಡೆದ ಕಾಮೆಂಟುಗಳು ಪರಿಶೀಲನೆಗೆ ಕೂತಿರುತ್ತವೆ, ವಾರಕ್ಕೊಮ್ಮೆ ತೆರೆದು ನೋಡಿ. ತಪ್ಪಾಗಿ ಸಿಕ್ಕವರನ್ನು ಬಿಡಿ, ಹೊಸ ಬರಹ ಕಂಡರೆ ಪಟ್ಟಿಗೆ ಸೇರಿಸಿ.

ಫೇಸ್‌ಬುಕ್ಕಿನಲ್ಲಿ ನನ್ನ ಜಾತಿ ಎತ್ತಿ, ತಾಯಿಯನ್ನು ಎತ್ತಿ ಬೈದಿದ್ದಾರೆ. '66ಎ ಹಾಕಿಸಿ' ಎಂದು ಒಬ್ಬರು, '1930ಕ್ಕೆ ಫೋನ್ ಮಾಡಿ' ಎಂದು ಇನ್ನೊಬ್ಬರು ಹೇಳುತ್ತಾರೆ. (ಭದ್ರಾವತಿ)

ಎರಡೂ ಅಲ್ಲ. ಆನ್‌ಲೈನಿನ ನಿಂದನೆಗೆ ಶಿಕ್ಷೆ ಹೇಳುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. 1930 ಮುಖ್ಯವಾಗಿ ಆನ್‌ಲೈನ್ ಮೋಸದಲ್ಲಿ ಹಣ ಹೋದಾಗ ಕೂಡಲೇ ಕರೆ ಮಾಡಲು ಇರುವ ಸಂಖ್ಯೆ.

2024ರ ಜುಲೈ 1ರಿಂದ ಜಾರಿಯಲ್ಲಿರುವುದು ಭಾರತೀಯ ನ್ಯಾಯ ಸಂಹಿತೆ. ಶಾಂತಿ ಕದಡುವಂತೆ ಬೇಕೆಂದೇ ಅವಮಾನಿಸುವುದಕ್ಕೆ 352ನೇ ಕಲಂ, ಎರಡು ವರ್ಷದವರೆಗೆ ಶಿಕ್ಷೆ. ಆದರೆ ಅದು ಅಸಂಜ್ಞೇಯ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ಬರೇ ಎನ್‌ಸಿಆರ್ (ಅಸಂಜ್ಞೇಯ ದೂರಿನ ನಮೂದು) ಮಾಡಿ ಕಳಿಸಿದರು ಎಂದು ಜನ ಸಿಟ್ಟಾಗುವುದು ಈ ಕಾರಣಕ್ಕೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತಿಗೆ 79ನೇ ಕಲಂ, ಮೂರು ವರ್ಷದವರೆಗೆ, ಅದು ಸಂಜ್ಞೇಯ, ಪೊಲೀಸರು ನೇರವಾಗಿ ತನಿಖೆ ಮಾಡಬಹುದು. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಬೈದವರು ಆ ವರ್ಗಗಳಿಗೆ ಸೇರದವರಾಗಿದ್ದು, ನಾಲ್ಕು ಜನರಿಗೆ ಕಾಣುವ ಕಡೆ ಜಾತಿ ಹೆಸರು ಹಿಡಿದು ಬೈದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಅದರಲ್ಲಿ ಆರು ತಿಂಗಳಿಂದ ಐದು ವರ್ಷ, ತನಿಖೆ ಡಿವೈಎಸ್‌ಪಿ ದರ್ಜೆಯವರದು. 'ಗಾದೆ ಹೇಳಿದೆ ಅಷ್ಟೇ' ಎಂಬ ಸಮಜಾಯಿಷಿ ಅಲ್ಲಿ ನಡೆಯುತ್ತದೆಂದು ಯಾರೂ ನೆಚ್ಚಿಕೊಳ್ಳಬೇಡಿ.

ದೂರು ಸೋಲುವುದು ಹೆಚ್ಚಾಗಿ ಸಾಕ್ಷ್ಯದಲ್ಲಿ. ಬೈಗುಳದ ಸ್ಕ್ರೀನ್‌ಶಾಟ್ ಒಂದೇ ಸಾಲದು. ಕಾಮೆಂಟಿನ ಲಿಂಕು, ಬರೆದವರ ಪ್ರೊಫೈಲಿನ ಲಿಂಕು, ದಿನಾಂಕ ಮತ್ತು ಹೊತ್ತು, ಮೂಲ ಪೋಸ್ಟು ಎಲ್ಲವನ್ನೂ ತೆಗೆದಿಡಿ. ವಾಟ್ಸಾಪ್ ಆದರೆ ಹೆಸರು ನೀವು ಸೇವ್ ಮಾಡಿಕೊಂಡದ್ದು, ಅದರಿಂದ ಏನೂ ಸಾಬೀತಾಗುವುದಿಲ್ಲ. ಹೆಸರನ್ನು ಒತ್ತಿ ನಂಬರ್ ಕಾಣುವ ಪುಟದ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆಯಿರಿ, ಎಕ್ಸ್‌ಪೋರ್ಟ್ ಚಾಟ್ ಮಾಡಿ ಇಟ್ಟುಕೊಳ್ಳಿ. ಫೋನು ಬದಲಿಸಬೇಡಿ, ಮಾರಬೇಡಿ. ಕೋರ್ಟಿಗೆ ಹೋದರೆ ಇಂಥ ಡಿಜಿಟಲ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಇದೆಲ್ಲ ಆದ ಮೇಲೆ ಫೇಸ್‌ಬುಕ್ಕಿಗೆ ರಿಪೋರ್ಟ್ ಮಾಡಿ. ಮೊದಲೇ ಮಾಡಿದರೆ ಅವರು ತೆಗೆದುಹಾಕಿದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ದೂರು ನಿಮ್ಮ ಠಾಣೆಯಲ್ಲೂ ಆಗುತ್ತದೆ, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆಯಲ್ಲೂ ಆಗುತ್ತದೆ. ಒಂದು ಎಚ್ಚರಿಕೆ: ಅಷ್ಟರೊಳಗೆ ನೀವು ತಿರುಗಿಸಿ ಬೈಯಬೇಡಿ. ಎದುರಿನವರೂ ಸ್ಕ್ರೀನ್‌ಶಾಟ್ ತೆಗೆಯುತ್ತಿರುತ್ತಾರೆ.

ಮೊಮ್ಮಗ ಬೆಂಗಳೂರಿನಲ್ಲಿದ್ದಾನೆ. ದಿನಾ ಬೆಳಗ್ಗೆ 'ಎದ್ದೆಯೇನೋ ಮಂಗ' ಎಂದು ಮೆಸೇಜು ಮಾಡುತ್ತೇನೆ. ಮಗ 'ಹಾಗೆಲ್ಲ ಬರೆಯಬೇಡಿ' ಅನ್ನುತ್ತಾನೆ. (ಶಿವಮೊಗ್ಗ, ಹಿರಿಯ ಓದುಗರು)

ಬರೆಯಿರಿ ಅಮ್ಮ. ಮರದಿಂದ ಮರಕ್ಕೆ ಹಾರುವ ಸಮಾನಧರ್ಮ ಇದೆಯಲ್ಲ. ಆಗಾಗ ಟೈಪು ಮಾಡುವ ಬದಲು ಮೈಕಿನ ಗುಂಡಿ ಒತ್ತಿ ಹೇಳಿ ಕಳಿಸಿ, ಎಳೆತವೂ ಜೊತೆಗೆ ಹೋಗಲಿ.